ಸಿಂಧುವಿಗೆಂದು ಎತ್ತಿಟ್ಟ ಮಾತ್ರೆಗಳು

ಸತ್ತೇಗಾಲದ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಚೆಲುವಮ್ಮ ಊರ ಮಕ್ಕಳನ್ನೆಲ್ಲ ತೂಕಕ್ಕೆ ನಿಲ್ಲಿಸುತ್ತಿದ್ದಳು. ಅವಳ ಮಗಳು ಸಿಂಧು ಏಳು ತುಂಬುವವರೆಗೆ ಚೆನ್ನಾಗಿಯೇ ಇದ್ದಳು. ಆಮೇಲೆ ನಕ್ಕರೆ ಸಾಕು, ಕಾಲು ಸೋತು ಕುಸಿಯತೊಡಗಿದಳು. ಬಿದ್ದು ಹಣೆ ಒಡೆದುಕೊಂಡ ದಿನದಿಂದ ಮಗುವನ್ನು ಯಾರೂ ನಗಿಸಕೂಡದೆಂದು ಚೆಲುವಮ್ಮ ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದಳು. ವರ್ಷದೊಳಗೆ ಮಾತು ತೊದಲಿತು, ಕಲಿತ ಅಕ್ಷರ ಮರೆತುಹೋಯಿತು. ಜೀವಕೋಶಗಳಲ್ಲಿ ಕೊಬ್ಬು ಕರಗದೆ ಕಟ್ಟಿಕೊಳ್ಳುವ, ಹುಟ್ಟಿನಿಂದಲೇ ಬಂದ ಕಾಯಿಲೆ, ವಾಸಿಯಾಗುವುದಿಲ್ಲ ಎಂದರು ಮೈಸೂರಿನ ಡಾಕ್ಟರು.

ಹೋದ ವರ್ಷ, ನರ್ಸಿಂಗ್ ಓದುವ ತಂಗಿಯ ಮಗಳು ರಮ್ಯ ಮೊಬೈಲಿನಲ್ಲಿ ಸುದ್ದಿಯೊಂದನ್ನು ಓದಿ ಹೇಳಿದಳು. ಮೈಯ ನೀರಿಳಿಸುವ ಒಂದು ಮಾತ್ರೆಯಿಂದ ಇಂಥ ಕೊಬ್ಬು ಇಳಿಯುತ್ತದೆಯೇ ಎಂದು ಸಂಶೋಧನೆ ನಡೆದಿತ್ತಂತೆ. ಹೆಸರು ಕೇಳಿ ಚೆಲುವಮ್ಮ ಎದ್ದು ನಿಂತಳು. ಕಾಲು ಊದುತ್ತದೆಂದು ಅತ್ತೆ ರಾಚಮ್ಮ ದಿನಾ ನುಂಗುತ್ತಿದ್ದದ್ದು ಅದೇ ಮಾತ್ರೆ.

ಅತ್ತೆಯ ಮಾತ್ರೆಯ ಪಟ್ಟಿ ಹಿಡಿದು, ಮಗುವನ್ನು ಹೊತ್ತು ಮೈಸೂರಿಗೆ ಹೋದಳು.

“ಇದು ಲ್ಯಾಬಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಮಾಡಿರೋದಮ್ಮ. ಮಗುಗೆ ಕೊಟ್ರೆ ಹೃದಯಕ್ಕೇ ತೊಂದರೆ ಆಗಬಹುದು,” ಎಂದರು ಡಾಕ್ಟರು.

“ಮಕ್ಳಿಗೆ ಕೊಡೋ ಅಂಗಾಗಕ್ಕೆ ಎಷ್ಟ್ ವರ್ಸ ಬೇಕು ಸಾ?”

“ಹತ್ತು ವರ್ಷ ಆಗಬಹುದು. ಆಗದೇನೂ ಇರಬಹುದು.”

“ಇವಳ್ತಾವ ಅಷ್ಟ್ ವರ್ಸ ಅವಾ?”

ಡಾಕ್ಟರು ಸಿಂಧುವಿನ ತಲೆ ಸವರಿದರು.

ತಿಂಗಳೊಪ್ಪತ್ತಿನಲ್ಲಿ ರಾಚಮ್ಮನ ಕಾಲು ದಿಂಬಿನಂತೆ ಊದಿ, ಮೇಲುಸಿರು ಬಂತು. ಹಾಸಿಗೆ ಸರಿಮಾಡುವಾಗ ಚೆಲುವಮ್ಮನ ಕೈಗೆ ಒಂದು ಡಬ್ಬಿ ಸಿಕ್ಕಿತು. ಅದರ ತುಂಬ ನುಂಗದೆ ಉಳಿಸಿದ ಮಾತ್ರೆಗಳು.

“ಯಾಕತ್ತೆ ಇಂಗ್ಮಾಡಿದ್ರಿ?”

“ನಾಳೀಕೆ ಡಾಕ್ಟ್ರು ಕೊಡಿ ಅಂದಾಗ ಅಂಗಡೀಲಿ ಸಿಕ್ದೆ ಓದ್ರೆ? ಕೂಸ್ಗೆ ಇರ್ಲಿ ಅಂತ ಮಡಗ್ದಿ ಕಣವ್ವಾ.”

ಚೆಲುವಮ್ಮ ಅತ್ತೆಯನ್ನು ಎತ್ತಿ ಕೂರಿಸಿದಳು. ಆಟೋದಲ್ಲಿ ಕೊಳ್ಳೇಗಾಲದ ಆಸ್ಪತ್ರೆಗೆ ಕರೆದೊಯ್ದಳು. ಎಂಟು ದಿನಕ್ಕೆ ರಾಚಮ್ಮನ ಜೀವ ಉಳಿಯಿತು, ನಡಿಗೆ ಉಳಿಯಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಸಿಂಧುವಿಗೆ ಗಂಜಿಯೂ ಗಂಟಲಲ್ಲಿ ಇಳಿಯದಾಯಿತು. ಮೂಗಿಗೆ ನಳಿಗೆ ಹಾಕಿದರು. ಚೆಲುವಮ್ಮ ಅಂಗನವಾಡಿ ಬಿಟ್ಟಳು. ಒಂದೇ ಕೋಣೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರದೂ ಹಾಸಿಗೆ.

ಮೊನ್ನೆ ರಮ್ಯ ಫೋನ್ ಮಾಡಿದಳು. “ದೊಡ್ಡವ್ವಾ, ಆ ಮಾತ್ರೆದು ಇನ್ನೊಂದು ಸುದ್ದಿ ಬಂದದೆ...”

ರಾಚಮ್ಮ ದಿಂಬಿನಿಂದ ತಲೆ ಎತ್ತಿದ್ದನ್ನು ಚೆಲುವಮ್ಮ ಕಂಡಳು.

“ಬ್ಯಾಡ ಕಣವ್ವಾ, ಅತ್ತೆಗೆ ಕೇಳುಸ್ತದೆ,” ಎಂದು ಫೋನ್ ಇಟ್ಟು, ಮಗಳನ್ನು ಮಗ್ಗುಲು ಬದಲಿಸಲು ಬಗ್ಗಿದಳು.