ಇಪ್ಪತ್ತು ಮಂದಿ ಓ ನೆಗೆಟಿವ್ ದಾನಿಗಳು

ಮಂಗಳವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಫೋನ್ ಬಂತು. ನಾನು ಮುಂಬೈ ಪಕ್ಕದ ಠಾಣೆ ಊರಿನ ಆಫೀಸಿನಲ್ಲಿ ವಿಮೆಯ ಅರ್ಜಿಗಳನ್ನು ನೋಡುತ್ತ ಕೂತಿದ್ದೆ. ಗುರುತಿಲ್ಲದ ನಂಬರು, ಕಲಬುರಗಿ ಕಡೆಯ ದನಿ.

“ಅಕ್ಕಾರ, ಪುಟದ ಕೆಳಗ ನಿಮ್ಮ ನಂಬರ್ ಇತ್ರಿ. ನಿಮ್ಮ ಸಂಘದ ರಕ್ತದಾನಿಗಳ ಪಟ್ಟಿ ನೋಡಿ ಒಂಬತ್ತರಿಂದ ಫೋನ್ ಹಚ್ಚಾಕ ಹತ್ತೀನ್ರಿ. ಓ ನೆಗೆಟಿವ್‌ನವರು ಇಪ್ಪತ್ತು ಮಂದಿ ಅದಾರ. ಒಬ್ಬಾಂವ ರಾಂಗ್ ನಂಬರ್ ಅಂತಾನ, ಒಬ್ಬಾಕಿ ಪೊಲೀಸರಿಗೆ ಹೇಳ್ತೀನಿ ಅಂತಾಳ. ಬರೋ ಮನಸ್ಸಿಲ್ಲದವರು ಹೆಸರು ಯಾಕ ಕೊಟ್ಟಾರ್ರಿ?”

ಅವರು ಹೆಸರು ಕೊಟ್ಟಿರಲಿಲ್ಲ. ಅವರಿಗೆ ಹೆಸರು ಕೊಟ್ಟವಳು ನಾನು. ರಕ್ತದ ಗುಂಪು ಕೊಟ್ಟವಳೂ ನಾನೇ.

ಆ ವರ್ಷ ನೌಪಾಡಾದ ಒಂದು ಕ್ಲಾಸಿನಲ್ಲಿ ಶನಿವಾರಗಳಂದು ಫುಲ್ ಸ್ಟ್ಯಾಕ್ ವೆಬ್ ಡೆವಲಪ್‌ಮೆಂಟ್ ಕಲಿಯುತ್ತಿದ್ದೆ. ಬಿ.ಕಾಂ. ಮುಗಿದು ಹನ್ನೆರಡು ವರ್ಷವಾದ ಮೇಲೆ ಹುಟ್ಟಿದ ಉತ್ಸಾಹ. ಮೊದಲ ದಿನ ಮೇಷ್ಟ್ರು ಬೋರ್ಡಿನ ಮೇಲೆ ಮೂರು ಚೌಕ ಬರೆದರು. ಫ್ರಂಟ್ ಎಂಡ್ ಎಂದರೆ ಜನರಿಗೆ ಕಾಣುವ ಪುಟ, ಅದರ ಬಣ್ಣ, ಒತ್ತುವ ಗುಂಡಿ. ಬ್ಯಾಕ್ ಎಂಡ್ ಎಂದರೆ ಗುಂಡಿ ಒತ್ತಿದಾಗ ಒಳಗಿನಿಂದ ಉತ್ತರ ಹುಡುಕಿ ತರುವ ಪ್ರೋಗ್ರಾಂ. ಡೇಟಾಬೇಸ್ ಎಂದರೆ ಆ ಉತ್ತರಗಳನ್ನು ತುಂಬಿಟ್ಟ ಉಗ್ರಾಣ. ಮೂರನ್ನೂ ಒಬ್ಬರೇ ಮಾಡಬಲ್ಲವರು ಫುಲ್ ಸ್ಟ್ಯಾಕ್. ಉಗ್ರಾಣದಲ್ಲಿರುವುದು ನಿಜವೇ ಎಂದು ನೋಡುವುದಕ್ಕೆ ಯಾವ ಚೌಕವೂ ಇರಲಿಲ್ಲ. ಸಿಲೆಬಸ್ಸಿನಲ್ಲಿ ಇಲ್ಲದ್ದನ್ನು ಕೇಳುವ ಅಭ್ಯಾಸ ನನಗೆ ಕಾಲೇಜಿನಲ್ಲೂ ಇರಲಿಲ್ಲ.

ಕೊನೆಯ ಪ್ರಾಜೆಕ್ಟಿಗೆ ನಮ್ಮ ಡೊಂಬಿವಲಿಯ ಕನ್ನಡ ಸಂಘಕ್ಕಾಗಿ ರಕ್ತದಾನಿಗಳ ಪಟ್ಟಿ ಮಾಡಿದೆ. ಹೆಸರು ಬರೆಸಿದವರು ಒಂಬತ್ತು ಜನ, ಅವರಲ್ಲಿ ಓ ನೆಗೆಟಿವ್ ಒಬ್ಬರೂ ಇಲ್ಲ. ಸಂಘದ ಕಾರ್ಯದರ್ಶಿ ಉಡುಪಿ ಕಡೆಯವರು, ಹೋಟೆಲ್ ನೋಡಿಕೊಳ್ಳುವವರು. ಮೊಬೈಲಿನಲ್ಲಿ ಪುಟ ನೋಡಿ ಮುಖ ಸಣ್ಣ ಮಾಡಿದರು.

“ಎಂತ ಮಾರಾಯ್ತಿ, ಒಂಬತ್ತೇ? ಪಕ್ಕದ ಕಲ್ಯಾಣದ ಸಂಘದವರು ನೋಡಿದ್ರೆ ನಗ್ತಾರೆ. ಸ್ವಲ್ಪ ತುಂಬಿದ ಹಾಗೆ ಕಾಣ್ಬೇಕು.”

ತುಂಬಿದ ಹಾಗೆ ಕಾಣಿಸುವುದನ್ನು ಕ್ಲಾಸಿನಲ್ಲಿ ಕಲಿಸಿದ್ದರು. ಅದಕ್ಕೆ ಡಮ್ಮಿ ಡೇಟಾ ಎನ್ನುತ್ತಾರೆ. ಹತ್ತು ಸಾಲು ಬರೆದೆ, ನೂರ ಅರವತ್ತು ದಾನಿಗಳು ಕಣ್ಣು ಮಿಟುಕಿಸುವುದರೊಳಗೆ ಹುಟ್ಟಿದರು. ಹೆಸರು, ಏರಿಯಾ, ಹತ್ತು ಅಂಕೆಯ ಫೋನ್ ನಂಬರು. ರಕ್ತದ ಎಂಟು ಗುಂಪುಗಳನ್ನು ಸಮನಾಗಿ ಹಂಚೆಂದು ಕಂಪ್ಯೂಟರಿಗೆ ಹೇಳಿದ್ದೆ. ಹೊರಗೆ ಹುಡುಕಿದರೂ ಸಿಗದ ಗುಂಪು ನಮ್ಮ ಸಂಘದಲ್ಲಿ ಮಿಕ್ಕವುಗಳಷ್ಟೇ ಧಾರಾಳವಾಯಿತು.

“ಕ್ಯಾ ಬಾತ್ ಹೈ! ಏಕ್‌ದಮ್ ಅಸಲಿ ಲಗ್ತಾ ಹೈ,” ಎಂದರು ಮೇಷ್ಟ್ರು, ಥೇಟ್ ನಿಜದ್ದರಂತೆಯೇ ಇದೆಯೆಂದು ಖುಷಿಪಟ್ಟು. ಕಾರ್ಯದರ್ಶಿಗಳು ಅಂದೇ ಸಂಜೆ ಲಿಂಕನ್ನು ಊರಿಗೆಲ್ಲ ಹಂಚಿದರು. ಡಮ್ಮಿಗಳನ್ನು ಭಾನುವಾರ ಅಳಿಸಬೇಕೆಂದಿದ್ದೆ. ಭಾನುವಾರ ನೆಂಟರು ಬಂದರು. ಸೋಮವಾರ ಲೋಕಲ್ ರೈಲು ತಡವಾಯಿತು.

ಮಂಗಳವಾರ ಠಾಣೆಯದೇ ಕೋಪರಿ ಬಡಾವಣೆಯ ಆಸ್ಪತ್ರೆಯಲ್ಲಿ, ಫೋನ್ ಮಾಡಿದಾತನ ಹೆಂಡತಿಗೆ ಹೆರಿಗೆಯಾಗಿ, ರಕ್ತಸ್ರಾವ ನಿಂತಿರಲಿಲ್ಲ. ನಾನು ಓಡಿಹೋದಾಗ ಆತ ಮೆಟ್ಟಿಲ ಬಳಿ ನಿಂತು ಇನ್ನೂ ಫೋನ್ ಮಾಡುತ್ತಲೇ ಇದ್ದ.

“ಬೆಳಿಗ್ಗೆ ಇಲ್ಲೇ ಒಂದು ಚೀಲ ರಕ್ತ ಇತ್ರಿ. ಇನ್ನೊಬ್ಬ ಹೆಣ್ಮಗಳಿಗೂ ಅದೇ ಬೇಕಾಗಿತ್ತು. ನಮ್ಮವರು ಇಪ್ಪತ್ತು ಮಂದಿ ಅದಾರ, ಅದನ್ನ ಆಕಿಗೇ ಕೊಡ್ರಿ ಅಂದ್ನಿ.”

ನನ್ನ ಪುಟದ ಮೊದಲ ಫಲಾನುಭವಿ ಆ ಇನ್ನೊಬ್ಬ ಹೆಂಗಸು. ಇಪ್ಪತ್ತೂ ಜನ ಎಲ್ಲಿ ಹೋದರೆಂದು ಆತ ಕೇಳಿದ. “ಊರಲ್ಲಿಲ್ಲವಂತೆ,” ಎಂದೆ. ಇಪ್ಪತ್ತೂ ಜನ ಒಟ್ಟಿಗೆ ಊರಿಗೆ ಹೋಗಿದ್ದಾರೆಂಬುದನ್ನು ಆತ ನಂಬಿದ. ಪಟ್ಟಿಯನ್ನೇ ನಂಬಿದವನಲ್ಲವೆ?

ನವಿ ಮುಂಬೈ ಕಡೆಯ ಕೋಪರಖೈರಣೆಯ ಒಂದು ರಕ್ತನಿಧಿಯಲ್ಲಿ ಓ ನೆಗೆಟಿವ್ ಇದೆಯೆಂದು ಆಸ್ಪತ್ರೆಯವರು ಫೋನ್ ಮಾಡಿ ತಿಳಿದುಕೊಂಡರು. ಚೀಟಿ, ಆತನ ಹೆಂಡತಿಯ ರಕ್ತದ ಸ್ಯಾಂಪಲ್ ಹಿಡಿದು ನಾನೇ ರೈಲು ಹತ್ತಿದೆ. ಅಲ್ಲಿ ತಾಳೆ ನೋಡಿ ಕೊಡುವುದಕ್ಕೆ ಒಂದು ಗಂಟೆಯ ಮೇಲಾಯಿತು. ವಾಪಸು ಬರುವಾಗ ಐಸ್ ತುಂಬಿದ ಥರ್ಮಾಕೋಲ್ ಡಬ್ಬಿ ತೊಡೆಯ ಮೇಲಿತ್ತು.

“ತಾಈ, ಪಾಪ್ಲೆಟ್ ಆಹೇ ಕಾ?” ಎಂದಳು ಪಕ್ಕದವಳು, ಡಬ್ಬಿಯಲ್ಲಿ ಮೀನಿದೆಯೆಂದುಕೊಂಡು.

“ರಕ್ತ,” ಎಂದೆ. ಮರುಕ್ಷಣ ಇಡೀ ಸೀಟು ನನ್ನದಾಯಿತು.

ಐರೋಲಿ ದಾಟಿದ ಮೇಲೆ ಗಾಡಿ ನಿಂತಿತು. ಒಂಬತ್ತು ನಿಮಿಷ. ಯಾಕೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಕಿಟಕಿಯಾಚೆ ಒಂದು ಗೋಡೆ, ಗೋಡೆಯ ಮೇಲೆ ಒಣಹಾಕಿದ ನೀಲಿ ಚಾದರ. ಡಬ್ಬಿಯ ತಣುಪು ಬಟ್ಟೆಯೊಳಗಿಳಿದು ತೊಡೆ ಮರಗಟ್ಟುತ್ತಿತ್ತು.

ಮೂರೂ ಹತ್ತಕ್ಕೆ ಡಬ್ಬಿ ತಲುಪಿಸಿದೆ. ಡಾಕ್ಟರು ಗಡಿಯಾರ ನೋಡಿ ಒಳಗೆ ಹೋದರು. ರಾತ್ರಿ ಎಂಟರ ಹೊತ್ತಿಗೆ ಆಕೆ ಉಳಿದಳೆಂದರು.

ಡಮ್ಮಿಗಳನ್ನು ಆಸ್ಪತ್ರೆಯ ಬೆಂಚಿನ ಮೇಲೆಯೇ ಅಳಿಸಿದೆ. ಒಂದೇ ಸಾಲು ಸಾಕಾಯಿತು. “ಎಂತ, ಪುನಃ ಒಂಬತ್ತಾ?” ಎಂದು ಕಾರ್ಯದರ್ಶಿಗಳು ಮುನಿಸಿಕೊಂಡರು. ಕ್ಲಾಸಿನವರು ‘ಎ’ ಗ್ರೇಡಿನ ಸರ್ಟಿಫಿಕೇಟ್ ಕಳಿಸಿದರು.

ಆಮೇಲೆ ರಾತ್ರಿ ಕಣ್ಣು ಮುಚ್ಚಿದರೆ ಗಾಡಿ ನಿಲ್ಲುತ್ತಿತ್ತು. ನೀಲಿ ಚಾದರ ಹಾರುತ್ತಿತ್ತು. ಎದ್ದು ಕೂರುತ್ತಿದ್ದೆ. ಆತ ಮಾತ್ರ ಎರಡು ದಿನಕ್ಕೊಮ್ಮೆ ಫೋನ್ ಮಾಡಿ, ನಾನು ದೇವರಂಥಾಕಿ ಎಂದು ಹೊಗಳಿ, ಆ ಇಪ್ಪತ್ತು ಜನರಿಗೆ ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ಅವರ ಮನೆತನವನ್ನೂ ಬಿಡುತ್ತಿರಲಿಲ್ಲ. ನಾನು “ಹೂಂ” ಎನ್ನುತ್ತಿದ್ದೆ.

ಮೂರು ವಾರ ಕಳೆದ ಮೇಲೆ ಒಂದು ಭಾನುವಾರ ಅವರ ಖೋಲಿಗೆ ಹೋದೆ. ಆತ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು, ಅಂದು ರಜೆ. ಹೆಂಡತಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದಳು. ಚಾಪೆಯ ಮೇಲೆ ಕೂರುವ ಮೊದಲೇ ಎಲ್ಲ ಹೇಳಿಬಿಟ್ಟೆ.

“ಅಂದ್ರ ಆ ಇಪ್ಪತ್ತು ಮಂದಿ ಎಲ್ಲೂ ಇಲ್ರಿ?”

“ಇಲ್ಲ.”

“ಮತ್ತ ನಾ ಇಷ್ಟು ದಿನ ಬೈದಿದ್ದು ಯಾರಿಗ್ರಿ?”

“ನನಗೆ.”

ಆತ ಹೆಂಡತಿಯ ಮುಖ ನೋಡಿದ. ಅವಳು ಕೂಸಿನ ಬೆನ್ನು ತಟ್ಟುವುದನ್ನು ನಿಲ್ಲಿಸಲಿಲ್ಲ.

“ಅವತ್ತು ಗೊತ್ತಿಲ್ದ ಬೈದ್ರಿ. ಈಗ ಗೊತ್ತಾತಲ್ಲ, ಸರಿಯಾಗಿ ಬೈರಿ,” ಎಂದಳು ಗಂಡನಿಗೆ.

ಆತ ಬೈದ. ಮೊದಲೆರಡು ಮಾತಿಗೆ ‘ರಿ’ ಹಚ್ಚಿದ್ದ, ಮೂರನೆಯದಕ್ಕೆ ಅದನ್ನೂ ಬಿಟ್ಟ. ಕೈಗೆ ಬಂದ ಚೀಲ ನಾನಾಗಿ ಬಿಟ್ಟುಕೊಟ್ಟೆನಲ್ಲ ಎನ್ನುತ್ತ ಗೋಡೆಯ ಕಡೆ ತಿರುಗಿ ಮುಗಿಸಿದ. ಚಹಾ ಕೊಡಲಿಲ್ಲ, ಇನ್ನೊಮ್ಮೆ ಬಾ ಎನ್ನಲಿಲ್ಲ. ಪೂರ್ತಿ ಕೇಳಿಸಿಕೊಂಡೇ ಎದ್ದೆ.

ಮನೆಗೆ ಬಂದು ಊಟ ಮಾಡಿ ಮಲಗಿದವಳಿಗೆ ಎಚ್ಚರವಾದದ್ದು ಸೋಮವಾರ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದ ಸದ್ದಿಗೆ.