ಹುಣಸೂರಿನಲ್ಲಿ ಒಂದೇ ಸಲ ಹಾಡಿದ ಹಾಡು

ಭೇರ್ಯದ ಮಹದೇವಪ್ರಸಾದರ ಆಲೆಮನೆ ಬೆಲ್ಲ ನೋಡಲು ಚೆಂದವಿಲ್ಲ. ಕಪ್ಪು. ಪೇಟೆ ಅಂಗಡಿಯಲ್ಲಿ ಹೊಂಬಣ್ಣದ ಅಚ್ಚುಗಳ ಪಕ್ಕ ಇಟ್ಟರೆ ಒಲೆಯಿಂದ ಕಿತ್ತ ಇಟ್ಟಿಗೆಯಂತೆ ಕಾಣುತ್ತದೆ. ಆದರೂ ಕೃಷ್ಣರಾಜನಗರದಿಂದ ಪಿರಿಯಾಪಟ್ಟಣದವರೆಗೆ ಯಾರ ಮನೆಯಲ್ಲಿ ಬಾಣಂತಿಗೆ ಬೆಲ್ಲ ಬೇಕೆಂದರೂ ಜನ ಹುಡುಕಿಕೊಂಡು ಬರುವುದು ಇಲ್ಲಿಗೇ. ಸಕ್ಕರೆ ಬೆರೆಸುವುದಿಲ್ಲ, ಬಣ್ಣ ಬರಲೆಂದು ಪುಡಿ ಸುರಿಯುವುದಿಲ್ಲ. ಹದ ತಪ್ಪಿದ ದಿನ ‘ಇವತ್ತು ತಪ್ಪಿದೆ, ನಾಳೆ ಬನ್ನಿ’ ಎಂದು ಗಿರಾಕಿಯನ್ನು ವಾಪಸ್ಸು ಕಳಿಸುವ ವ್ಯಾಪಾರಿಯನ್ನು ನೀವು ಇನ್ನೆಲ್ಲಿ ಕಂಡಿದ್ದೀರಿ? ಪ್ರಸಾದರ ಬೆಲ್ಲ ಕಪ್ಪು, ಮಾತು ಬೆಳ್ಳಗೆ ಎಂದು ಊರಲ್ಲಿ ಹೇಳುವುದು ಸುಮ್ಮನಲ್ಲ.

ಇಂಥ ಮನುಷ್ಯ ಒಂದು ಸುಳ್ಳು ಹೇಳಿದ್ದರು. ಇಪ್ಪತ್ತೇಳು ವರ್ಷದಿಂದ ಹೇಳುತ್ತಲೇ ಇದ್ದರು.

ಸುಳ್ಳು ಬೆಲ್ಲದ್ದಲ್ಲ, ಹಾಡಿನದು. ಮೈಸೂರಿನಲ್ಲಿ ‘ಹೊಗೆಬಂಡಿ’ ಎಂಬ ರಾಕ್ ಬ್ಯಾಂಡ್ ಇದೆ. ನಾಲ್ವರು ಗಂಡಸರು, ಎರಡು ಗಿಟಾರು, ಒಂದು ಕೀಬೋರ್ಡು, ಒಂದು ಡ್ರಮ್ಮು. ಶುರು ಮಾಡಿದಾಗ ತಲೆತುಂಬ ಕೂದಲಿತ್ತು, ಈಗ ನಾಲ್ವರದೂ ಸೇರಿಸಿದರೆ ಒಂದು ತಲೆಗೆ ಸಾಲದು. ಹಾಡುವ ಶಿವಶಂಕರನಿಗೆ ಅರವತ್ತು ದಾಟಿದೆ. ನಮ್ಮ ಕಡೆಯ ಮಾತಿನಲ್ಲೇ, ನಮ್ಮ ಕಡೆಯ ರೈಲ್ವೆ ಗೇಟು, ಗದ್ದೆ, ಬಸ್ಸುಗಳ ಮೇಲೇ ಗಿಟಾರು ಬಾರಿಸಿ ಹಾಡಿದವರು ಇವರೊಬ್ಬರೇ ಎಂದು ಪ್ರಸಾದರಿಗೆ ಅವರ ಮೇಲೆ ಪ್ರಾಣ.

೧೯೯೮ರಲ್ಲಿ ಇದೇ ಬ್ಯಾಂಡು ಹುಣಸೂರಿನ ಮೈದಾನದಲ್ಲಿ ಹಾಡಿತು. ಇಪ್ಪತ್ತೆರಡು ವರ್ಷದ ಪ್ರಸಾದರು ಹೋಗಿದ್ದರು, ಅದೇನೋ ನಿಜ. ಆದರೆ ಮಾರನೆಯ ಬೆಳಿಗ್ಗೆ ಕಬ್ಬಿನ ಲೋಡು ಬರುವುದಿತ್ತು, ಅಪ್ಪ ಹೇಳಿ ಕಳಿಸಿದ್ದರು, ಕೃಷ್ಣರಾಜನಗರದ ಕಡೆಯ ಬಸ್ಸು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಕಾರ್ಯಕ್ರಮದ ನಡುವೆಯೇ ಎದ್ದು ಬಂದು ಬಸ್ಸು ಹತ್ತಿದರು. ಅವರು ಎದ್ದು ಹೋದ ಮೇಲೆ, ಕೊನೆಯಲ್ಲಿ, ಹೊಗೆಬಂಡಿಯವರು ‘ತೂಬು ಎತ್ತೋ ಹೊತ್ತು’ ಎಂಬ ಹೊಸ ಹಾಡೊಂದನ್ನು ಹಾಡಿದರಂತೆ. ಅದನ್ನು ಅವರು ಮತ್ತೆಲ್ಲೂ ಹಾಡಲಿಲ್ಲ. ಕ್ಯಾಸೆಟ್ಟಿಗೂ ಸೇರಿಸಲಿಲ್ಲ.

ವಾರ ಕಳೆದು ಭೇರ್ಯದ ಹೋಟೆಲಿನಲ್ಲಿ ಯಾರೋ, ಹೊಸ ಹಾಡು ಕೇಳಿದೆಯೇನಯ್ಯಾ ಎಂದರು. ನಾಲ್ಕು ಜನ ಇವರ ಮುಖವನ್ನೇ ನೋಡುತ್ತಿದ್ದರು. ಇಲ್ಲ, ಬಸ್ಸು ಹತ್ತಿಬಿಟ್ಟಿದ್ದೆ ಎನ್ನಲು ನಾಚಿಕೆಯಾಯಿತು. ಕೇಳಿದೆ ಎಂದರು. ಹೇಗಿತ್ತು ಎಂದು ಆ ನಾಲ್ವರೂ ಕೇಳಿದರು. ಅಷ್ಟೇ ಸಾಕಾಯಿತು ನೋಡಿ. ನಿಧಾನದ ಹಾಡು, ಕಾಲುವೆಯಲ್ಲಿ ನೀರು ಮೆಲ್ಲಗೆ ಬರುವ ಹಾಗೆ, ನಡುವೆ ಒಂದು ಕೊಳಲು, ಜನ ಅತ್ತುಬಿಟ್ಟರು ಎಂದರು ಪ್ರಸಾದರು. ಕೊಳಲು ಎಲ್ಲಿಂದ ಬಂತೋ ಆ ಶಿವನೇ ಬಲ್ಲ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯಿದೆ. ಪ್ರಸಾದರದು ಒಂದೇ ಸುಳ್ಳಿನಲ್ಲಿ ಆಯಿತು. ಸಾಲಿಗ್ರಾಮಕ್ಕೆ ಹೆಣ್ಣು ನೋಡಲು ಹೋದಾಗ, ಹಿರಿಯರು ಒಳಗೆ ಮಾತಿಗೆ ಕುಳಿತ ಹೊತ್ತಿನಲ್ಲಿ, ಪುಷ್ಪಾ ಎಂಬ ಆ ಹುಡುಗಿಯ ಜೊತೆ ಏನು ಮಾತಾಡಬೇಕೋ ತೋಚದೆ ಆ ಹಾಡಿನ ಕಥೆ ಹೇಳಿದರು. ಎರಡು ಸಾಲು ಗುನುಗಿಯೂ ತೋರಿಸಿದರು. ಮುಂಚೆ ಬಂದಿದ್ದ ಮೂರು ಗಂಡುಗಳೂ ಎಕರೆ, ಬೋರ್‌ವೆಲ್ಲು ಎಂದೇ ಮಾತಾಡಿದ್ದರಂತೆ. ಹಾಡಿನ ಬಗ್ಗೆ ಮಾತಾಡಿದವರು ಇವರೊಬ್ಬರೇ, ಅದಕ್ಕೇ ಹ್ಞೂಂ ಅಂದೆ ಎಂದು ಪುಷ್ಪಾ ಇಂದಿಗೂ ನೆಂಟರಿಷ್ಟರ ಮುಂದೆ ಹೇಳುತ್ತಾರೆ. ಆಗೆಲ್ಲ ಪ್ರಸಾದರು ಎದ್ದು ಹೋಗಿ ಒಲೆಗೆ ಕಬ್ಬಿನ ಸಿಪ್ಪೆ ತುರುಕುತ್ತಾರೆ.

ಹೀಗೇ ಕಾಲ ಕಳೆದುಹೋಗುತ್ತಿತ್ತೋ ಏನೋ. ಈ ವರ್ಷ ಹೊಗೆಬಂಡಿಗೆ ಮೂವತ್ತು ತುಂಬಿತು. ಹುಣಸೂರಿನಲ್ಲಿ ಮತ್ತೆ ಹಾಡುತ್ತೇವೆ, ಯಾವ ಹದಿನಾಲ್ಕು ಹಾಡು ಬೇಕೆಂದು ನೀವೇ ಪಟ್ಟಿ ಕೊಡಿ ಎಂದು ಅವರು ಅಭಿಮಾನಿಗಳಿಗೆ ಹೇಳಿ ಕಳಿಸಿದರು. ಜೇನುಗೂಡಿಗೆ ಕಲ್ಲು ಹೊಡೆದ ಹಾಗಾಯಿತು. ನಾಲ್ಕು ತಾಲ್ಲೂಕಿನ ಇನ್ನೂರು ಚಿಲ್ಲರೆ ಜನ ಇರುವ ವಾಟ್ಸಾಪ್ ಗುಂಪೊಂದಿದೆ, ‘ಹೊಗೆಬಂಡಿ ಪ್ರಯಾಣಿಕರು’ ಎಂದು. ಅದನ್ನು ನಡೆಸುವವಳು ಹೇಮಶ್ರೀ, ಹೆಗ್ಗಡದೇವನಕೋಟೆ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮೇಡಂ. ಹತ್ತು ದಿನ ಆ ಗುಂಪಿನಲ್ಲಿ ನಡೆದ ಜಗಳವನ್ನು ಪಂಚಾಯ್ತಿ ಎಲೆಕ್ಷನ್ನಿನಲ್ಲೂ ನೀವು ನೋಡಿರಲಾರಿರಿ.

ಕೃಷ್ಣರಾಜನಗರದವರಿಗೆ ‘ಗೇಟು ಹಾಕೈತೆ’ ಹಾಡು ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಬೇಕು. ಹೆಗ್ಗಡದೇವನಕೋಟೆಯ ಹುಡುಗರಿಗೆ ಹೊಸ ಆಲ್ಬಮ್ಮಿನ ‘ಆನೆ ದಾರಿ’ ಬೇಕು. ಹೊಸದು ಕೇಳಬೇಕಾದರೆ ಮನೆಯಲ್ಲೇ ಮೊಬೈಲು ಹಾಕಿಕೊಳ್ಳಿ, ಮೈದಾನಕ್ಕೆ ಯಾಕೆ ಬರಬೇಕು ಎಂದು ಹಳಬರು. ಡ್ರಮ್ಮು ಬಾರಿಸುವವರಿಗೆ ಮಂಡಿನೋವು, ಜೋರಿನ ಹಾಡು ಕೇಳಬೇಡಿ ಎಂದು ಒಬ್ಬ ದಯಾವಂತ. ಅವರು ಬಾರಿಸುವುದು ಕೈಯಲ್ಲೋ ಮಂಡಿಯಲ್ಲೋ ಎಂದು ಇನ್ನೊಬ್ಬ. ಬ್ಯಾಂಡು ಹೋಟೆಲಲ್ಲ, ಆರ್ಡರು ಮಾಡಿದ್ದೆಲ್ಲ ತಂದಿಡಲು ಎಂದು ಹೇಮಶ್ರೀ ಗದರಿದಳು. ಅಂತೂ ಹದಿಮೂರು ಹಾಡು ನಿಗದಿಯಾದವು. ಉಳಿದದ್ದು ಒಂದೇ ಜಾಗ.

ಆ ಜಾಗಕ್ಕೆ ನಂಜುಂಡೇಶ್ ಟವೆಲು ಹಾಸಿಕೊಂಡು ಕುಳಿತಿದ್ದ. ನಂಜುಂಡೇಶ್ ಎಂದರೆ ಪಿರಿಯಾಪಟ್ಟಣದ ಹತ್ತಿರ ಹೊಗೆಸೊಪ್ಪು ಬೆಳೆಯುವವನು, ಪ್ರಸಾದರಿಗೆ ಇಪ್ಪತ್ತು ವರ್ಷದ ಸ್ನೇಹಿತ. ಎಲೆ ವಿಂಗಡಿಸಿ ವಿಂಗಡಿಸಿ ಹಾಡಿಗೂ ಅದೇ ಗ್ರೇಡು ಹಾಕುವ ಅಭ್ಯಾಸ ಅವನಿಗೆ. ‘ಕೊನೇ ಸಿಳ್ಳೆ’ ಎಂಬ ಹನ್ನೊಂದು ನಿಮಿಷದ ಹಾಡೊಂದೇ ಬ್ರೈಟು, ಅಂದರೆ ಮೊದಲ ದರ್ಜೆ, ಉಳಿದದ್ದೆಲ್ಲ ಲೋ ಎಂದು ಅವನ ವಾದ. ಅವನ ಹೊಗೆಸೊಪ್ಪು ಹದಗೊಳಿಸುವ ಬ್ಯಾರನ್ ಮನೆ ಒಮ್ಮೆ ಬೆಂಕಿ ಬಿದ್ದು ಹೋದಾಗ, ಆ ವಾರವೆಲ್ಲ ಅವನನ್ನು ಹಿಡಿದು ನಿಲ್ಲಿಸಿದ್ದು ಆ ಹಾಡು. ಅದನ್ನು ಎದುರಿಗೆ ನಿಂತು ಕೇಳಬೇಕೆಂದು ಅವನಿಗೆ ಎಷ್ಟೋ ವರ್ಷದ ಆಸೆ. ಅಷ್ಟರಲ್ಲಿ ಹೇಮಶ್ರೀ ಕೇಳಿದಳು: ಪ್ರಸಾದಣ್ಣ ಹೇಳ್ತಾರಲ್ಲ, ‘ತೂಬು ಎತ್ತೋ ಹೊತ್ತು’, ಅದನ್ನು ಯಾಕೆ ಕೇಳಬಾರದು? ನಮ್ಮಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ಅವರೇ ಹೇಳಲಿ.

ಪ್ರಸಾದರು ಏನು ಬರೆಯಬೇಕೆಂದು ಫೋನು ಹಿಡಿದು ಕುಳಿತಿರುವಾಗಲೇ ಗುಂಪಿನಲ್ಲಿ ನಂಜುಂಡೇಶನ ವಾಯ್ಸ್ ಮೆಸೇಜು ಬಂತು.

“ಪ್ರಸಾದ ಅಂಥ ಹಾಡು ಅಂದ್ರೆ ಅಂಥ ಹಾಡೇ ಕಣ್ರೀ. ನಂದು ಬುಟ್ಟುಕೊಟ್ಟಿವ್ನಿ. ಅದನ್ನೇ ಆಕಿ.”

ಎರಡೇ ದಿನಕ್ಕೆ ಬ್ಯಾಂಡಿನವರೂ ಒಪ್ಪಿದರು. ಪಟ್ಟಿ ಅಚ್ಚಾಯಿತು.

ಅಲ್ಲಿಂದ ಹದಿನೈದು ದಿನ ಪ್ರಸಾದರಿಗೆ ಅನ್ನ ರುಚಿಸಲಿಲ್ಲ. ನಿಜ ಹೇಳಿದರೆ ಏನಾಗುತ್ತದೆ? ಜನ ನಗುತ್ತಾರೆ, ನಗಲಿ. ಆದರೆ ಇಪ್ಪತ್ತೇಳು ವರ್ಷ ಒಂದು ಸುಳ್ಳನ್ನು ಸಾಕಿದವನು ಬೆಲ್ಲದಲ್ಲಿ ಏನು ಮಾಡಿದ್ದಾನೋ ಎನ್ನುವುದಿಲ್ಲವೇ? ಪುಷ್ಪಾ ಏನೆಂದಾಳು? ಹೇಳದಿದ್ದರೆ? ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಹಾಡೇ ಬೇರೆಯಾಗಿದ್ದರೂ ಹೊಸದಾಗಿ ಕಟ್ಟಿದ್ದಾರೆ ಎಂದು ತೇಲಿಸಿಬಿಡಬಹುದು. ಆದರೆ ನಂಜನ ಹಾಡು ಹೋಯಿತಲ್ಲ. ಬೇರೆಯವರ ಎಲೆಯಿಂದ ತುತ್ತು ಕಿತ್ತುಕೊಂಡ ಹಾಗೆ ಅವರಿಗೆ ಅನ್ನಿಸುತ್ತಿತ್ತು, ಆ ಯೋಚನೆ ಬಂದಾಗೆಲ್ಲ ತಮ್ಮ ಮೇಲೆ ತಮಗೇ ಸಿಟ್ಟು ಬರುತ್ತಿತ್ತು.

ಕಾರ್ಯಕ್ರಮಕ್ಕೆ ನಾಲ್ಕು ದಿನವಿರುವಾಗ ನಂಜುಂಡೇಶನೇ ಬೆಲ್ಲ ಒಯ್ಯಲು ಬಂದ. ಮಗಳ ಹೆರಿಗೆಯಾಗಿತ್ತು. ಇವತ್ತು ಹೇಳಿಯೇ ತೀರುತ್ತೇನೆಂದು ಪ್ರಸಾದರು ಅವನನ್ನು ಕಬ್ಬಿನ ರಾಶಿಯ ಪಕ್ಕ ಕೂರಿಸಿದರು. ನಂಜ, ಆ ಹಾಡಿನ ವಿಷಯ ಎಂದು ಬಾಯಿ ತೆರೆದರು.

“ಅದ್ರ ವಿಷ್ಯ ಬುಡು,” ಎಂದ ನಂಜುಂಡೇಶ್. “ನನ್ನ ಮಗಳಿಗೆ ಬೆಲ್ಲ ನಿನ್ನತ್ರ ಯಾಕ್ ತಗೊಂಡೋಯ್ತೀನಿ ಏಳು? ನೀನ್ ಏಳಿದ್ದು ದಿಟವಾಗಿರ್ತದೆ ಅಂತ. ಹಾಡೂ ಅಂಗೇಯ.”

ಆ ಮೇಲೆ ಯಾರು ತಾನೇ ಬಾಯಿ ಬಿಟ್ಟಾರು? ಪ್ರಸಾದರು ಬೆಲ್ಲ ಕಟ್ಟಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಅವನು ಮಗುವಿನ ಉಡುಗೊರೆ ಎಂದುಕೊಂಡು ಖುಷಿಯಾಗಿ ಹೋದ.

ಭಾನುವಾರ ಸಂಜೆ ಐದಕ್ಕೆ ಹುಣಸೂರಿನ ಮೈದಾನ ತುಂಬಿತ್ತು. ಮುಂದಿನಿಂದ ಆರನೆಯ ಸಾಲಿನಲ್ಲಿ ಪ್ರಸಾದರು ನಡುವೆ, ಎಡಕ್ಕೆ ಪುಷ್ಪಾ, ಬಲಕ್ಕೆ ನಂಜುಂಡೇಶ್. ಪುಷ್ಪಾ ಮದುವೆಮನೆಗೆ ಉಡುವ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ರಾಕ್ ಬ್ಯಾಂಡಿಗೆ ರೇಷ್ಮೆ ಸೀರೆ ಯಾಕೆ ಎಂದರೆ, ನನ್ನ ಹಾಡು ಹಾಡ್ತಾರಲ್ಲ ಎಂದಿದ್ದರು. ಹದಿಮೂರು ಹಾಡು ಮುಗಿದವು. ಯಾವುದು ಬಂತು, ಯಾವುದು ಹೋಯಿತು, ಪ್ರಸಾದರ ತಲೆಗೆ ಹತ್ತಲಿಲ್ಲ.

ಶಿವಶಂಕರ ನೀರು ಕುಡಿದು ಮೈಕಿನ ಹತ್ತಿರ ಬಂದ. ಈ ಹಾಡನ್ನು ಇದೇ ಮೈದಾನದಲ್ಲಿ ಒಂದೇ ಒಂದು ಸಲ ಹಾಡಿದ್ದೆವು, ಅವತ್ತು ಕೇಳಿದವರು ಯಾರ್ಯಾರಿದ್ದೀರಿ, ಕೈಯೆತ್ತಿ ಎಂದ.

ಎತ್ತಿದರು ನೋಡಿ! ನೂರಲ್ಲ, ಇನ್ನೂರು. ೧೯೯೮ರಲ್ಲಿ ಹುಟ್ಟೇ ಇರದ ಹೈಕಳೂ ಎರಡೆರಡು ಕೈ ಎತ್ತಿದವು. ಪ್ರಸಾದರ ಕೈ ಮಾತ್ರ ತೊಡೆಯ ಮೇಲೇ ಇತ್ತು. ಎತ್ರೀ ಎಂದು ಪುಷ್ಪಾ ಮೊಣಕೈಯಲ್ಲಿ ತಿವಿದರು. ನಂಜುಂಡೇಶನಿಗೆ ತಡೆಯಲಾಗಲಿಲ್ಲ. ಕುಸ್ತಿಯಲ್ಲಿ ಗೆದ್ದ ಪೈಲ್ವಾನನ ಕೈ ಎತ್ತುವ ಹಾಗೆ ಸ್ನೇಹಿತನ ಮಣಿಕಟ್ಟು ಹಿಡಿದು ಮೇಲಕ್ಕೆತ್ತಿದ. ಪ್ರಸಾದರು ಕೈ ಕಿತ್ತುಕೊಂಡರು.

“ನಾ ಕೇಳಿಲ್ಲ ಕಣ್ಲಾ ನಂಜ,” ಎಂದರು. “ಅವತ್ತು ಅರ್ಧಕ್ಕೇ ಎದ್ದೋಗಿ ಬಸ್ ಹತ್ತಿದ್ದೆ. ಇಷ್ಟು ವರ್ಷ ನಾ ಹೇಳಿದ್ದೆಲ್ಲ ಸುಳ್ಳು. ನಿನ್ನ ಹಾಡು ನನ್ನಿಂದ ಹೋಯ್ತು.”

ನಂಜುಂಡೇಶ್ ಏನಾದರೂ ಅನ್ನುವ ಮೊದಲೇ ಡ್ರಮ್ಮು ಶುರುವಾಯಿತು.

ಶುರುವಾಯಿತು ಎಂದರೆ, ಧಡಧಡ ಶುರುವಾಯಿತು. ನಿಧಾನವೂ ಇಲ್ಲ, ಕೊಳಲೂ ಇಲ್ಲ. ಅದು ನಗೆಯ ಹಾಡು. ಇಬ್ಬರು ರೈತರು ಬೆಳಗಿನ ಜಾವ ಕಾಲುವೆಯ ತೂಬಿನ ಹತ್ತಿರ ಇವತ್ತು ನೀರಿನ ಸರದಿ ನನ್ನದು, ನನ್ನದು ಎಂದು ಕಚ್ಚೆ ಕಟ್ಟಿ ನಿಂತಿರುತ್ತಾರೆ. ಅವರಜ್ಜ ಇವರಜ್ಜನವರೆಗೂ ಬೈಗುಳ ಹೋಗಿ ಮುಟ್ಟುವಷ್ಟರಲ್ಲಿ ನೀರೆಲ್ಲ ಮೂರನೆಯವನ ಗದ್ದೆಗೆ ಹರಿದಿರುತ್ತದೆ. ಜನ ಎದ್ದು ಕುಣಿಯತೊಡಗಿದರು. ಇಡೀ ಮೈದಾನದಲ್ಲಿ ಮೂರೇ ಜನ ಮಿಸುಕದೆ ಕುಳಿತಿದ್ದರು.

ಪ್ರಸಾದರು ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ಜನ ಅತ್ತುಬಿಟ್ಟರು ಎಂದು ತಾವು ಎಷ್ಟು ಜನರ ಮುಂದೆ ಹೇಳಿದ್ದರೋ ಅವರೆಲ್ಲರ ಮುಖ ಕಣ್ಣೆದುರು ಬಂತು. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಆದರೂ, ಹೇಳಲೇಬೇಕು, ಹಾಡು ಚೆನ್ನಾಗಿತ್ತು. ಮೂರನೆಯವನ ಗದ್ದೆ ತುಂಬಿದ ಕಡೆ ಅವರಿಗೇ ತಿಳಿಯದೆ ನಗು ಬಂದುಬಿಟ್ಟಿತು, ಬಾಯಿಗೆ ಟವೆಲು ಅಡ್ಡ ಹಿಡಿದರು. ಮೂರು ನಿಮಿಷಕ್ಕೆ ಹಾಡು ಮುಗಿದೇಹೋಯಿತು.

ಪುಷ್ಪಾ ವೇದಿಕೆಯ ಮೇಲಿಟ್ಟ ಕಣ್ಣು ತೆಗೆಯದೆಯೇ ಕೇಳಿದರು.

“ನನ್ನ ನೋಡಕ್ಕೆ ಬಂದಾಗ ಹೇಳಿದ್ರಲ್ಲ, ಆ ಹಾಡು ಯಾರ್ದು?”

“ನಾನೇ ಕಟ್ಟಿದ್ದು.”

ಪುಷ್ಪಾ ಸೆರಗು ಮೊಣಕಾಲಿನ ಮೇಲೆ ಎಳೆದುಕೊಂಡು ಕುಳಿತರು. ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ ಪ್ರಸಾದರಿಗೂ ಆ ಮುಖದಲ್ಲಿ ಇದ್ದದ್ದು ಸಿಟ್ಟೋ ಮತ್ತೇನೋ ತಿಳಿಯಲಿಲ್ಲ. ಬಲಗಡೆ ಕುರ್ಚಿ ಕಿರ್ರೆಂದಿತು. ನಂಜುಂಡೇಶ್ ಎದ್ದು ನಿಂತಿದ್ದ. ಹೋಗುತ್ತಾನೆ, ಸ್ನೇಹ ಮುಗಿಯಿತು ಎಂದುಕೊಂಡರು ಪ್ರಸಾದರು. ಅವನು ಹೋಗಲಿಲ್ಲ. ಕುರ್ಚಿಯ ಮೇಲೇ ಹತ್ತಿ ನಿಂತ. ಹೊಗೆಸೊಪ್ಪಿನ ಹರಾಜಿನಲ್ಲಿ ದನಿ ಎತ್ತಿ ಅಭ್ಯಾಸವಿದ್ದವನು, ಮೈಕು ಬೇಕಿರಲಿಲ್ಲ.

“ಇನ್ನೊಂದ್ ಸಲ ಹಾಡಿ ಸ್ವಾಮಿ! ಇಲ್ಲೊಬ್ಬ ಅವತ್ತು ಕೇಳೇ ಇರ್ಲಿಲ್ವಂತೆ!”

ಇಡೀ ಮೈದಾನ ತಿರುಗಿ ನೋಡಿತು. ಎರಡು ಸಾಲು ಮುಂದೆ ಕುಳಿತಿದ್ದ ಹೇಮಶ್ರೀಯೂ ತಿರುಗಿ ನೋಡಿದಳು. ಶಿವಶಂಕರ ಗಿಟಾರು ಕೆಳಗಿಡಲು ಹೋದವನು ನಿಂತ, ಹಣೆಗೆ ಕೈ ಅಡ್ಡ ಹಿಡಿದು ದೀಪದ ಬೆಳಕಿನಾಚೆ ಕಣ್ಣು ಹಾಯಿಸಿದ. ಮುಂಚೆ ಇನ್ನೂರು ಕೈ ಎಣಿಸಿದ್ದ ಆತನಿಗೆ ಇದು ಹೊಸದು.

“ಯಾರ್ರೀ ಅದು, ಕೇಳದೇ ಇದ್ದೋರು?”

ಕುರ್ಚಿಯ ಮೇಲಿನಿಂದ ನಂಜುಂಡೇಶ್ ಕೆಳಗೆ ನೋಡುತ್ತಿದ್ದ. ಈ ಸಲ ಮಣಿಕಟ್ಟು ಹಿಡಿಯಲಿಲ್ಲ. ಪ್ರಸಾದರು ಕೈಯೆತ್ತಿದರು, ಕಿವಿಯ ಮಟ್ಟಕ್ಕೆ, ಪಾಠ ಒಪ್ಪಿಸಲು ಬಾರದ ಹುಡುಗನ ಹಾಗೆ.

“ಸರಿಯಾಗಿ ಎತ್ರೀ,” ಎಂದರು ಪುಷ್ಪಾ. “ಕಾಣಲ್ಲ ಅವರಿಗೆ.”