ಊದಿ ಹಾರಿಸಿದ ಪುಡಿ

ಲಕ್ವಾ ಹೊಡೆದು ಬಲಗೈ ಸೋತ ಮೇಲೆ ವಿಜಯಪುರದ ಡಾಕ್ಟರು ನನ್ನ ಅಂಗೈಯಲ್ಲಿ ಒಂದು ಹಳದಿ ರಬ್ಬರ್ ಚೆಂಡು ಇಟ್ಟು, ದಿನಾಲೂ ಹಿಚುಕುತ್ತಿರಿ ಎಂದು ಹೇಳಿ ಕಳಿಸಿದರು. ಮುದ್ದೇಬಿಹಾಳದಲ್ಲಿ ಬಾಗಿಲು, ಚೌಕಟ್ಟು, ಕಿಟಕಿ ಮಾಡುತ್ತಲೇ ತಲೆ ಬೆಳ್ಳಗಾದ ಬಡಗಿ ನಾನು. ಅಂಗಡಿಯ ಮುಂದೆ ಕೂತು ಕೂಸಿನ ಹಾಗೆ ಚೆಂಡು ಹಿಚುಕುವುದನ್ನು ಹೋಗುವವರು ಬರುವವರೆಲ್ಲ ನೋಡಬೇಕೆ? ನಾಲ್ಕು ದಿನ ತಡೆದುಕೊಂಡೆ, ಆಮೇಲೆ ಹಿತ್ತಲಿಗೆ ಎಸೆದೆ. ಎಸೆದದ್ದೂ ಎಡಗೈಯಿಂದಲೇ.

ಲಕ್ವಾ ಹೊಡೆಯುವ ಮೊದಲೇ ಗೊಳಸಂಗಿಯ ಒಬ್ಬ ರೈತ ತನ್ನ ಹೊಸ ಮನೆಯ ತಲಬಾಗಿಲಿನ ಕೆಲಸ ನನಗೆ ಒಪ್ಪಿಸಿದ್ದ. ಸಾಗವಾನಿ ಹಲಗೆಗಳು ಅಂಗಡಿಗೆ ಬಂದು ಬಿದ್ದಿದ್ದವು. ಗೋಡೆ ಎದ್ದು ನಿಂತಿತ್ತು, ಚೌಕಟ್ಟು ನಿಲ್ಲಿಸಿ ಹೊಸ್ತಿಲ ಪೂಜೆ ಮಾಡುವುದೊಂದೇ ಬಾಕಿ. "ಅವಸರ ಇಲ್ರಿ ಕಾಕಾರ. ನಿಮ್ಮ ಕೈಲೇನ ಆಗ್ಬೇಕು, ಕಾಯ್ತೇನಿ" ಎಂದು ಅವನು ಫೋನ್ ಮಾಡುತ್ತಿದ್ದ. ಅವಸರವಿಲ್ಲದವನು ವಾರ ವಾರ ಯಾಕೆ ಫೋನ್ ಮಾಡುತ್ತಾನೆ? ಅವನ ಒಳ್ಳೆಯತನ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಇಂಡಿಯಲ್ಲಿ ಶಿಕ್ಷಕಿಯಾಗಿರುವ ಮಗಳಿಗೆ ಚೆಂಡಿನ ಸುದ್ದಿ ತಾಯಿಯಿಂದ ಮುಟ್ಟಿತು. ಅವಳು ಬಯ್ಯಲಿಲ್ಲ, ಮೊಬೈಲಿಗೆ ಒಂದು ವಿಡಿಯೋ ಕಳಿಸಿದಳು. ಯಾವುದೋ ಕಾಡಿನಲ್ಲಿ ಒಬ್ಬ ಮನುಷ್ಯ ಸಣ್ಣ ಬಿಲ್ಲಿನ ಹಗ್ಗವನ್ನು ಒಂದು ಕಡ್ಡಿಗೆ ಒಂದೇ ಸುತ್ತು ಸುತ್ತಿ, ಕಡ್ಡಿಯ ತುದಿಯನ್ನು ಹಲಗೆಯ ಮೇಲೆ ನಿಲ್ಲಿಸಿ, ಬಿಲ್ಲನ್ನು ಗರಗಸದ ಹಾಗೆ ಹಿಂದೆ ಮುಂದೆ ಎಳೆಯುತ್ತಿದ್ದ. ಹೊಗೆ ಎದ್ದಿತು, ಬೆಂಕಿ ಬಂದಿತು. ಹಿಂದೆಯೇ ಮಗಳ ಫೋನು. "ಚೆಂಡ ಬ್ಯಾಡಂದ್ರ ಇದನರ ಮಾಡಪಾ. ಭುಜಾ, ಮೊಣಕೈ, ಮುಷ್ಟಿ ಎಲ್ಲಾ ಓಡ್ಯಾಡ್ತಾವು."

ನನಗೆ ನಗು ಬಂತು. ಅದು ನಮ್ಮ ಮನೆಯ ವಿದ್ಯೆ. ಕರೆಂಟಿನ ಡ್ರಿಲ್ಲು ಬರುವ ಮೊದಲು ನಮ್ಮಪ್ಪ ಹೀಗೇ ಬಿಲ್ಲು ಎಳೆದು ಮರಕ್ಕೆ ತೂತು ಕೊರೆಯುತ್ತಿದ್ದ. ನಾನು ಕೈ ಕೆಲಸ ಕಲಿತದ್ದೇ ಆ ಬೈರಿಗೆಯಿಂದ. ಕಬ್ಬಿಣದ ಮೊನೆಯ ಬದಲು ಬರೀ ಕಟ್ಟಿಗೆ, ಅಷ್ಟೇ ಫರಕು. "ಚಾ ಕುದಿಯೂದ್ರಾಗ ಬೆಂಕಿ ತಗದ ತೋರಸ್ತೇನಿ" ಎಂದು ಹೆಂಡತಿಗೆ ಹೇಳಿದೆ. ಹೇಳದೆ ಮನಸ್ಸಿನಲ್ಲೇ ಇಟ್ಟುಕೊಂಡದ್ದು ಬೇರೆ ಇತ್ತು. ಈ ಕೈಯಿಂದ ಬೆಂಕಿ ಬಂದರೆ ಉಳಿ ಹಿಡಿಯುತ್ತೇನೆ, ಗೊಳಸಂಗಿಯ ಬಾಗಿಲು ನನ್ನದು. ಬರದಿದ್ದರೆ ಅಂಗಡಿಯ ಶಟರ್ ಇಳಿಸಿಬಿಡುತ್ತೇನೆ.

ಚಹಾ ಕುದಿಯಿತು, ಆರಿತು, ಮತ್ತೆ ಬಿಸಿಯಾಯಿತು. ಬೆಂಕಿ ಬರಲಿಲ್ಲ.

ಬಡಗಿಯ ಕೈಗೆ ಹಾಳು ಕಟ್ಟಿಗೆ ಹತ್ತುವುದಿಲ್ಲ ನೋಡಿ, ನಾನು ಹುಡುಕಿ ಹುಡುಕಿ ಹಳೆಯ ಸಾಗವಾನಿಯ ಒಂದು ತುಂಡು ತೆಗೆದಿದ್ದೆ. ಅದಕ್ಕೆ ರಂದಾ ಹೊಡೆಸಿ ನುಣುಪು ಬೇರೆ ಮಾಡಿಸಿದ್ದೆ. ಕಡ್ಡಿ ಅದರ ಮೇಲೆ ಕೀಂಯ್ ಕೀಂಯ್ ಎಂದು ಕಿರುಚಿತೇ ಹೊರತು ಬಿಸಿಯಾಗಲಿಲ್ಲ. ತೂತು ಕನ್ನಡಿಯ ಹಾಗೆ ಹೊಳೆಯಿತು. ಮಗಳು ಫೋನಿನಲ್ಲಿ ಹಗುರ ಕಟ್ಟಿಗೆ ಬೇಕೆಂದಳು. ಸ್ನಾನದ ನೀರು ಕಾಯಿಸಲು ಹಿತ್ತಲಲ್ಲಿ ಒಟ್ಟಿದ್ದ ತೊಗರಿ ಕಟ್ಟಿಗೆಯಲ್ಲಿ ಹೆಬ್ಬೆರಳಿನಷ್ಟು ದಪ್ಪದ್ದನ್ನು ಕಡ್ಡಿಗೆ ಆರಿಸಿದೆ. ಹಲಗೆಗೆ ಒಣಗಿದ ನುಗ್ಗೆ. ಯಾವ ಬಡಗಿಯೂ ಇಂಥ ಮೆದು ಕಟ್ಟಿಗೆಯನ್ನು ಅಂಗಡಿಯೊಳಗೆ ತರುವುದಿಲ್ಲ. ಯಾರಾದರೂ ನೋಡಿಯಾರು ಎಂದು ಹಿತ್ತಲಲ್ಲೇ ಕೂತೆ.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ನೈಲಾನ್ ಹಗ್ಗ ಜಾರಿತು. ಪುಂಡಿ ನಾರಿನ ಹಗ್ಗ ಹಾಕಿದರೆ ಅದು ಹರಿಯಿತು. ಎಡಗೈಯಲ್ಲಿ ತೆಂಗಿನ ಚಿಪ್ಪು ಹಿಡಿದು ಕಡ್ಡಿಯ ತಲೆ ಒತ್ತಬೇಕು, ಬಲಗೈಯಲ್ಲಿ ಬಿಲ್ಲು ಎಳೆಯಬೇಕು. ಬಲಗೈ ನಡುವೆಯೇ ಮೈಗಳ್ಳನಂತೆ ಸಡಿಲ ಬಿಡುತ್ತಿತ್ತು. ಕಡ್ಡಿ ಚಿಮ್ಮಿ ಹೋಗಿ, ಪಕ್ಕದ ಮನೆಯವರು ಒಣಹಾಕಿದ್ದ ಮೆಣಸಿನಕಾಯಿಯಲ್ಲಿ ಬೀಳುತ್ತಿತ್ತು. ಅದನ್ನು ಕೇಳಿ ತರಲು ಹೋಗುವುದು ನನ್ನ ಹೆಂಡತಿಯ ಪಾಲಿನ ಕೆಲಸವಾಯಿತು.

"ಸಾಕು ಮಾಡ್ರಿ, ಉಣ್ಣಾಕ ಬರ್ರಿ" ಎನ್ನುತ್ತಿದ್ದಳು.

"ನಿಂದ ನೀ ನೋಡ್ಕೋ" ಎನ್ನುತ್ತಿದ್ದೆ. ರೊಟ್ಟಿ ಆರಿ ಹೋಗುತ್ತಿತ್ತು.

ದಿನಗಳು ಕಳೆದ ಹಾಗೆ ಕೈಗೆ ಸ್ವಲ್ಪ ಜೀವ ಬಂತು. ಹೊಗೆ ಏಳತೊಡಗಿತು. ಮೂಗಿಗೆ ಸುಟ್ಟ ವಾಸನೆ ಹತ್ತಿತು. ವಿಡಿಯೋದಲ್ಲಿ ನೋಡಿ ತೂತಿನ ಪಕ್ಕ ಸಣ್ಣದೊಂದು ಕಚ್ಚು ಹಾಕಿದ್ದೆ, ಅದರಲ್ಲಿ ಕಪ್ಪು ಪುಡಿ ಉದುರುತ್ತಿತ್ತು. ನಾನು ಬಿಲ್ಲು ನಿಲ್ಲಿಸಿ, ಬಗ್ಗಿ, ಫೂ ಎಂದು ಪುಡಿಯನ್ನೆಲ್ಲ ಊದಿ ಹಾರಿಸಿ, ಮತ್ತೆ ಕಡ್ಡಿ ಏರಿಸುತ್ತಿದ್ದೆ. ಅಪ್ಪ ಕಲಿಸಿದ ಮೊದಲ ಪಾಠವೇ ಅದು. ತೂತಿನಲ್ಲಿ ಪುಡಿ ನಿಂತರೆ ಬೈರಿಗೆ ಸಿಕ್ಕಿಕೊಳ್ಳುತ್ತದೆ, ತೂತು ಸೊಟ್ಟಾಗುತ್ತದೆ. ನಾಲ್ಕು ಸಲ ಎಳೆ, ಒಂದು ಸಲ ಊದು. ಊದಲು ಮರೆತರೆ ತಲೆಯ ಮೇಲೆ ಒಂದು ಬೀಳುತ್ತಿತ್ತು. ಈ ವಯಸ್ಸಿಗೂ ನಾನು ಮರೆತಿಲ್ಲ.

ಹೊಗೆ ಬರುವುದು, ಊದುವುದು, ಹೊಗೆ ಹೋಗುವುದು. ಮತ್ತೆ ಎಳೆಯುವುದು. ದಿನದಿನವೂ ಇದೇ ಹಾಡು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಎಲ್ಲ ಸಿಟ್ಟೂ ಬಲಗೈಯ ಮೇಲೆ. ಇಷ್ಟು ವರ್ಷ ತುಪ್ಪ ಅನ್ನ ತಿಂದು ಬೆಳೆದ ಕೈ, ಹೊಗೆಯ ತನಕ ಕರೆದುಕೊಂಡು ಹೋಗಿ ಬಾಗಿಲಲ್ಲೇ ಬಿಟ್ಟು ಬರುತ್ತದಲ್ಲ ಎಂದು ಅದನ್ನು ಗೋಡೆಗೆ ಅಪ್ಪಳಿಸಿದ್ದೂ ಉಂಟು. ನೋವೇನೋ ಸರಿಯಾಗಿಯೇ ಆಯಿತು.

ಒಂದು ಭಾನುವಾರ ಮಗಳು ಇಂಡಿಯಿಂದ ಬಂದಳು. ನಾನು ಬಿಲ್ಲು ಎಳೆಯುವುದನ್ನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಹೊಗೆ ಎದ್ದಿತು, ಪುಡಿ ಉದುರಿತು. ನಾನು ಬಗ್ಗಿ ಊದಿದೆ.

"ಅಪ್ಪಾ, ಯಾಕ ಊದಿದಿ?"

"ತೂತು ಸ್ವಚ್ಛ ಆಗಬ್ಯಾಡೇನು?"

ಅವಳು ಕಟ್ಟೆಯಿಂದ ಇಳಿದು ನನ್ನ ಮುಂದೆ ಬಂದು ಕೂತಳು. ಶಾಲೆಯಲ್ಲಿ ದಡ್ಡ ಮಕ್ಕಳ ಮುಂದೆ ಹೀಗೇ ಕೂರುತ್ತಾಳೇನೋ.

"ತೂತು ತಗೊಂಡು ಏನ್ ಮಾಡ್ತಿ? ನಮಗ ಬೇಕಾಗಿದ್ದ ಪುಡಿನ. ಬೆಂಕಿ ಅದರಾಗ ಹುಟ್ಟತೈತಿ."

ಕಡ್ಡಿ ಏರಿಸಿದೆ. ಮತ್ತೆ ಎಳೆದೆ. ಪುಡಿ ಗುಡ್ಡೆಯಾಯಿತು. ಊದಬೇಕೆಂದು ತುಟಿ ತಾನಾಗಿ ಮುಂದೆ ಬಂತು, ಹಲ್ಲು ಕಚ್ಚಿ ತಡೆದೆ. ಬಿಲ್ಲು ನಿಂತ ಮೇಲೂ ಆ ಗುಡ್ಡೆಯಿಂದ ಸಣ್ಣಗೆ ಹೊಗೆ ಏಳುತ್ತಲೇ ಇತ್ತು. ಮಗಳು ಅದನ್ನು ಅರಳೆ ಮತ್ತು ತೆಂಗಿನ ನಾರಿನ ಮೇಲೆ ಸುರಿದು ನನ್ನ ಮುಖದ ಹತ್ತಿರ ಹಿಡಿದಳು. "ಈಗ ಊದು. ಮೆಲ್ಲಕ." ಊದಿದೆ. ನಾರು ಕೆಂಪಾಯಿತು, ಭಗ್ಗನೆ ಹೊತ್ತಿಕೊಂಡಿತು.

ಹೆಂಡತಿ ಒಳಗಿನಿಂದ ಓಡಿ ಬಂದಳು. ತಾಯಿ ಮಗಳಿಬ್ಬರ ಮುಖದಲ್ಲೂ ನಗು. ನನಗೆ ಮಾತ್ರ ಸಿಟ್ಟೇ ಬಂತು. ಕೈ ಯಾವಾಗಲೋ ಬೆಂಕಿ ಕೊಟ್ಟಿತ್ತು, ನಾನೇ ಊದಿ ಕಳೆದಿದ್ದೆ. ಆದರೂ ಇರಲಿ, ನನಗೆ ನಾನೇ ಕೊಟ್ಟುಕೊಂಡ ಮಾತು ಮಾತೇ. ಬೆಂಕಿ ಬಂದಿದೆ. ಎದ್ದವನೇ ಅಂಗಡಿಗೆ ನಡೆದು ಶಟರ್ ಎತ್ತಿಸಿದೆ.

ಗೊಳಸಂಗಿಯ ಹಲಗೆ ಮುಟ್ಟುವ ಮೊದಲು ಒಂದು ಚೂರು ಸಾಗವಾನಿಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಉಳಿ ಇಟ್ಟೆ. ಎಡಗೈಯಲ್ಲಿ ಕೊಡತಿ ಹಿಡಿದು ಉಳಿಯ ತಲೆಗೆ ಹೊಡೆದೆ. ಬಲಗೈಯಲ್ಲಿದ್ದ ಉಳಿ ಗೆರೆ ದಾಟಿ ಹೋಯಿತು. ಇನ್ನೊಂದು ಗೆರೆ ಎಳೆದೆ. ಅದನ್ನೂ ದಾಟಿತು. ಚೂರಿನ ತುಂಬ ಗೆರೆ ಎಳೆದೆ, ಒಂದರ ಮೇಲೂ ಉಳಿ ನಿಲ್ಲಲಿಲ್ಲ. ಬಿಲ್ಲಿಗೆ ಎಳೆದರೆ ಸಾಕು. ಉಳಿಗೆ ನಿಲ್ಲಬೇಕಾದ ಕಡೆ ನಿಲ್ಲಬೇಕು. ನನ್ನ ಕೈಗೆ ಎಳೆಯುವುದು ಬಂದಿತ್ತು, ನಿಲ್ಲುವುದು ಬಂದಿರಲಿಲ್ಲ.

"ಬರ್ತೈತಪಾ. ಇನ್ನಾ ಸ್ವಲ್ಪ ದಿನಾ ಮಾಡು" ಎಂದಳು ಮಗಳು. ಬಂದೀತು. ಆದರೆ ಬಾಗಿಲಿಲ್ಲದ ಮನೆ ಎಷ್ಟು ದಿನ ನಿಲ್ಲಬೇಕು?

ಆ ಸಂಜೆ ನಾನೇ ಗೊಳಸಂಗಿಗೆ ಫೋನ್ ಹಚ್ಚಿದೆ. "ತಮ್ಮಾ, ಬಾಗಲಾ ನನ್ನ ಕೈಲೆ ಆಗಂಗಿಲ್ಲ" ಎಂದೆ.

"ಹಂಗಾರ ಯಾರ ಕಡೆ ಮಾಡಸ್ಲಿ, ನೀವ ಹೇಳ್ರಿ ಕಾಕಾರ."

ಬಸವನ ಬಾಗೇವಾಡಿಯಲ್ಲಿ ನನ್ನ ಓರಗೆಯ ಒಬ್ಬ ಬಡಗಿ ಇದ್ದಾನೆ. ಅವನ ಚೌಕಟ್ಟಿನ ಮೂಲೆಯ ಸಂದಿನಲ್ಲಿ ಇರುವೆಗಳು ಸಂಸಾರ ಹೂಡುತ್ತವೆ ಎಂದು ನಾನೇ ಊರೆಲ್ಲ ಹೇಳಿ ನಗಿಸಿದವನು. ಅವನ ಹೆಸರನ್ನೇ ಹೇಳಿದೆ.

"ಅಂವಾ ಚಲೋ ಮಾಡ್ತಾನೇನ್ರಿ?"

"ಚಲೋ ಮಾಡ್ತಾನ" ಎಂದೆ. "ನನ್ನಕಿಂತ ಚಲೋ ಮಾಡ್ತಾನ."

ಫೋನ್ ಕೆಳಗಿಟ್ಟು ಆ ಸಾಗವಾನಿ ಚೂರನ್ನು ಮಗುಚಿದೆ. ಹಿಂಬದಿಯಲ್ಲಿ ಹೊಸದೊಂದು ಗೆರೆ ಎಳೆದು ಉಳಿ ಇಟ್ಟೆ.